ಕಿಟಕಿಯಲ್ಲಿಟ್ಟ ಬುಟ್ಟಿ

ನವಲಗುಂದದ ಸುತ್ತಲಿನ ಹಳ್ಳಿಗಳಲ್ಲಿ ಶಂಕ್ರೆವ್ವನ ರೊಟ್ಟಿ ಅಂದರೆ ಅದೊಂದು ಮಾತು. ಬಿಳಿಜೋಳದ ಹಿಟ್ಟನ್ನು ಕೈಯಲ್ಲೇ ತೆಳ್ಳಗೆ ಬಡಿದು, ಹಂಚಿನ ಮೇಲೆ ಸುಟ್ಟು, ಒಲೆಯ ಮಗ್ಗುಲಲ್ಲಿ ನಿಲ್ಲಿಸಿ ಒಣಗಿಸಿದಳೆಂದರೆ ತಿಂಗಳಾದರೂ ಕಡಕ್ಕಾಗಿಯೇ ಇರುತ್ತಿದ್ದವು. ಮುರಿದಾಗ ಟಕ್ಕೆಂದು ಸಪ್ಪಳ ಬರಬೇಕು. ಸಪ್ಪಳ ಬಾರದ್ದನ್ನು ಆಕೆ ರೊಟ್ಟಿ ಅಂತ ಕರೆಯುತ್ತಲೇ ಇರಲಿಲ್ಲ, ಎತ್ತಿ ಎಮ್ಮೆಯ ಮುಂದೆ ಹಾಕುತ್ತಿದ್ದಳು. ಗಂಡ ತೀರಿದ ವರ್ಷ, ಆಷಾಢ ಮುಗಿಯುವ ಹೊತ್ತಿಗೆ, ಇಂಥ ಅತ್ತೆ ದಾಂಡೇಲಿಯ ಮಗನ ಮನೆಗೆ ಬಂದಿಳಿದಾಗ ಸೊಸೆ ಗುರುಸಿದ್ದವ್ವನ ಎದೆ ಡವಡವ ಹೊಡೆದುಕೊಂಡಿತು. ಹೆದರಿಕೆ ಅಂದುಕೊಂಡೀರಿ. ಅದು ಸಿಟ್ಟು, ನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟು.

ನಾಲ್ಕು ವರ್ಷದ ಹಿಂದೆ, ಕಾಗದದ ಕಾರ್ಖಾನೆ ಶುರುವಾದ ಹೊಸತರಲ್ಲಿ, ಗುರುಸಿದ್ದವ್ವ ಗಂಡ ಉಳವಪ್ಪನ ಹಿಂದೆ ಈ ಊರಿಗೆ ಬಂದವಳು. ಕೂಲಿಕಾರರ ಲೈನಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮೊದಲ ಶ್ರಾವಣ ಬಂತು. ನಾಗರ ಪಂಚಮಿಗೆ ಮುಂಚೆ ರೊಟ್ಟಿ ಪಂಚಮಿ. ಕಡಕ್ ರೊಟ್ಟಿ, ಪಲ್ಯ, ಚಟ್ನಿಪುಡಿ ಕಟ್ಟಿಕೊಂಡು ಮನೆಮನೆಗೆ ಬೀರುವ ಹಬ್ಬ. ತವರಿನಲ್ಲಿ ಕಲಿತಂತೆ ಎಂಟು ದಿನ ಮುಂಚೆಯೇ ನಲವತ್ತು ರೊಟ್ಟಿ ಬಡಿದು, ಹಬ್ಬದ ಹಿಂದಿನ ದಿನ ಗಂಟು ಕಟ್ಟಿ ಗಂಡನ ಕೈಯಲ್ಲಿ ಅತ್ತೆಗೆ ಕಳಿಸಿದಳು. ಹೊಸ ಸೊಸೆ ಕಳಿಸಿದ ಗಂಟನ್ನು ಅತ್ತೆ ಕಟ್ಟೆಯ ಮೇಲೆ ಬಿಚ್ಚಿ, ಓಣಿಯವರೆದುರು ಮೊದಲ ರೊಟ್ಟಿ ಮುರಿಯಬೇಕೆಂಬುದು ಆ ಊರಿನ ಪದ್ಧತಿ. ಶಂಕ್ರೆವ್ವ ಬಿಚ್ಚಿದಳು, ಮುರಿಯಲು ಹೋದಳು. ರೊಟ್ಟಿ ಹಳೆಯ ಅರಿವೆಯ ಹಾಗೆ ಎರಡಾಗಿ ಮಡಚಿಕೊಂಡಿತು. ಕೆಳಗಿನವಕ್ಕೆ ಆಗಲೇ ಹಸಿರು ಬೂಷ್ಟು ಹಿಡಿದಿತ್ತು.

"ಈಕಿ ಕೈಯಾಗ ನೀರೈತಿ," ಅಂದಳು ಶಂಕ್ರೆವ್ವ, ಓಣಿಗೆಲ್ಲ ಕೇಳುವ ಹಾಗೆ.

ಮಾತು ಅಷ್ಟಕ್ಕೇ ನಿಂತಿದ್ದರೆ ಗುರುಸಿದ್ದವ್ವ ನುಂಗಿಕೊಳ್ಳುತ್ತಿದ್ದಳು. ಆಕೆಯ ತಂಗಿ ತಾಯವ್ವನನ್ನು ಉಳವಪ್ಪನ ತಮ್ಮ ಅಂದಾನೆಪ್ಪನಿಗೆ ತಂದುಕೊಳ್ಳುವ ಮಾತು ಆಗ ನಡೆದಿತ್ತು. ಅಕ್ಕನ ಕೈಯಲ್ಲಿ ನೀರಿದ್ದರೆ ತಂಗಿಯ ಕೈಯಲ್ಲಿ ಏನಿದ್ದೀತು ಅಂತ ಶಂಕ್ರೆವ್ವ ಆ ಮಾತು ಮುರಿದಳು. ರೊಟ್ಟಿಗೂ ಲಗ್ನಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಆ ಸೀಮೆಯವರು ಹೆಣ್ಣು ನೋಡಲು ಹೋದರೆ ಮುಖ ನೋಡುವ ಮೊದಲು ರೊಟ್ಟಿ ನೋಡುತ್ತಾರೆ. ಮುರಿದ ಸಂಬಂಧದ ಸುದ್ದಿ ಊರಾಡಿತು. ಅಪ್ಪ ಗಾಬರಿಯಾಗಿ ತಾಯವ್ವನನ್ನು ಮುಂಡಗೋಡದ ಹತ್ತಿರದ ಸನವಳ್ಳಿಗೆ, ಮೂರು ಮಕ್ಕಳ ತಂದೆಗೆ, ಎರಡನೆಯ ಹೆಂಡತಿಯಾಗಿ ಕೊಟ್ಟುಬಿಟ್ಟ. ಹದಿನೇಳರ ಹುಡುಗಿ. ಒಮ್ಮೆ ದಾಂಡೇಲಿಗೆ ಬಂದಾಗ, "ನಿನ್ನ ರೊಟ್ಟಿ ಮೆತ್ತಗಾಗಿದ್ದಕ್ಕ ನನ್ನ ಬಾಳೇ ಹಿಂಗಾತ ನೋಡ ಅಕ್ಕಾ," ಅಂತ ನಕ್ಕಳು. ಆ ನಗುವನ್ನು ಗುರುಸಿದ್ದವ್ವ ಇವತ್ತಿಗೂ ಮರೆತಿಲ್ಲ.

ಒಂದು ವರ್ಷ ಆಕೆ ತನ್ನ ಕೈಯನ್ನೇ ಬೈದುಕೊಂಡಳು. ಕಣ್ಣು ತೆರೆಸಿದವಳು ಪಕ್ಕದ ಮನೆಯ ಗೋದುಬಾಯಿ. ಜೋಯಿಡಾ ಕಡೆಯವಳು, ಹುಟ್ಟಿದಾಗಿನಿಂದ ಇದೇ ಮಳೆ ಕಂಡವಳು. "ಅಗ, ನಿನ್ನ ಉಪ್ಪಿನ ಭರಣಿ ನೋಡು. ಉಪ್ಪು ನೀರಾಗೇತಿ. ಉಪ್ಪೂ ನೀನ ಬಡಿದಿ ಏನು?" ಅಂದಳು. ನೋಡಿದರೆ ನಿಜ. ಬೆಲ್ಲ ಸೋರುತ್ತಿತ್ತು, ಚಟ್ನಿಪುಡಿ ಮುದ್ದೆಯಾಗಿತ್ತು, ಶೇಂಗಾಕ್ಕೆ ಮುಗ್ಗು ಹೊಡೆದಿತ್ತು. ಉಳವಪ್ಪನೂ ಹೇಳಿದ, ಮಳೆಗಾಲದಲ್ಲಿ ಕಾರ್ಖಾನೆಯ ಕಾಗದವೇ ಹವೆಯಲ್ಲಿನ ನೀರು ಕುಡಿದು ಅಂಚು ಡೊಂಕಾಗುತ್ತದೆ ಅಂತ. ಗೋದುಬಾಯಿ ಉಪಾಯವನ್ನೂ ಕಲಿಸಿದಳು: ಎರಡೆರಡು ಸಲ ಸುಡಬೇಕು, ಪೂರ್ತಿ ಆರಿದ ಮೇಲೆ ಡಾಲ್ಡಾ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಕಣಕ ಮೆತ್ತಿ, ಒಲೆಯ ಮೇಲಿನ ಹಲಗೆಯಲ್ಲಿ ಇಡಬೇಕು. ಗಾಳಿ ತಾಗಕೂಡದು. ಆಮೇಲೆ ಗುರುಸಿದ್ದವ್ವನ ರೊಟ್ಟಿ ಎಂದೂ ಮೆತ್ತಗಾಗಲಿಲ್ಲ. ಆದರೆ ಇದನ್ನು ಅತ್ತೆಗೆ ಆಕೆ ತಿಳಿಸಲಿಲ್ಲ, ನೆವ ಹೇಳ್ತಾಳ ಅಂದಾರು ಅಂತ. ಉಳವಪ್ಪನೋ, ತಾಯಿಯ ಮುಂದೆ ಬಾಯಿ ಬಿಡುವ ಪೈಕಿ ಅಲ್ಲ.

ಈಗ ಅತ್ತೆ ತಾನೇ ಬಂದಿದ್ದಳು. ಬಂದ ಎರಡನೆಯ ದಿನವೇ ಕೊಡದಷ್ಟು ಹಿಟ್ಟು ಮುಂದೆ ಇಟ್ಟುಕೊಂಡು ಕೂತಳು.

"ಊರಾಗ ಮುದುಕ್ಯಾರು ಏನಂದ್ರು ಗೊತ್ತೇನು? ಗಂಡ ಸತ್ತ ವರ್ಷ ಹಬ್ಬದ ಹಿಟ್ಟಿಗೆ ಕೈ ಹಚ್ಚಬ್ಯಾಡ, ಅಪಶಕುನ ಅಂದ್ರು. ಬಳಿ ಒಡದದ್ದು ಮುಂಗೈಯಾಗ, ಬೊಳ್ಳ್ಯಾಗ ಅಲ್ಲ ಅಂತ ಹೇಳಿ ಬಂದೇನಿ," ಅಂದು ಬೆರಳು ಅಗಲಿಸಿ ತೋರಿಸಿದಳು. "ಗಂಡನ್ನ ಕಸಗೊಂಡ ಶಿವ ಇದನ್ನರ ಬಿಟ್ಟಾನ."

ಎರಡು ದಿನ ಬಡಿದಳು. ಅರವತ್ತು ರೊಟ್ಟಿ. ಬಡಿಯುವುದನ್ನು ನೋಡುತ್ತ ನಿಂತ ಗುರುಸಿದ್ದವ್ವನಿಗೆ ಸಿಟ್ಟಿನ ನಡುವೆಯೂ ಹೊಟ್ಟೆಕಿಚ್ಚಾಯಿತು. ಅಷ್ಟು ದುಂಡಗೆ, ಅಷ್ಟು ತೆಳ್ಳಗೆ ತನಗೆ ಜನ್ಮದಲ್ಲಿ ಬಾರದು. ಎಲ್ಲ ಮುಗಿದ ಮೇಲೆ ಶಂಕ್ರೆವ್ವ ರೊಟ್ಟಿಗಳನ್ನು ಬಿದಿರು ಬುಟ್ಟಿಯಲ್ಲಿ ಹೊಂದಿಸಿ, ಬಿಳಿ ಅರಿವೆ ಮುಚ್ಚಿ, ಎತ್ತಿಕೊಂಡು ಹೋಗಿ ಕಿಟಕಿಯಲ್ಲಿಟ್ಟಳು. ಅವರೂರಿನಲ್ಲಿ ಹಾಗೇ ಮಾಡುವುದು. ಅಲ್ಲಿನ ಒಣಗಾಳಿಗೆ ರೊಟ್ಟಿ ಇನ್ನಷ್ಟು ಸೆಟೆಯುತ್ತದೆ.

"ಗಾಳಿ ಬಡೀಲಿ," ಅಂದಳು. "ಹಬ್ಬದ ಹೊತ್ತಿಗೆ ಹಂಚಿನ ಬಿಲ್ಲಿ ಆಗ್ತಾವು ನೋಡು."

ಕಿಟಕಿಯ ಆಚೆ ಮಳೆ ಹನಿಯುತ್ತಿತ್ತು. ಒಗೆದು ಹಾಕಿದ ಸೀರೆ ಮೂರು ದಿನದಿಂದ ಒಣಗಿರಲಿಲ್ಲ. ಗುರುಸಿದ್ದವ್ವ ಬುಟ್ಟಿಯನ್ನು ನೋಡಿದಳು, ಒಲೆಯ ಮೇಲಿದ್ದ ತನ್ನ ಡಬ್ಬಿಯನ್ನು ನೋಡಿದಳು. ಒಂದೇ ಒಂದು ಮಾತು ಸಾಕಿತ್ತು. ಆಡಲಿಲ್ಲ.

ನಾಲ್ಕು ದಿನ ಬಿಟ್ಟು ಹಬ್ಬ ಬಂತು. ಶಂಕ್ರೆವ್ವ ಲೈನಿನ ಹೆಂಗಸರನ್ನೆಲ್ಲ ತಾನೇ ಕರೆದು ಕೂಡಿಸಿ, ಬುಟ್ಟಿಯ ಅರಿವೆ ಸರಿಸಿ, ಮೇಲಿನ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಮಡಚಿಕೊಂಡಿತು. ಇನ್ನೊಂದು ತೆಗೆದಳು, ಅದೂ ಹಾಗೇ. ಬುಟ್ಟಿಯ ತಳದ ತನಕ ಕೈ ಹಾಕಿ ಒಂದನ್ನೆಳೆದಳು. ಅದು ಸಪ್ಪಳವಿಲ್ಲದೆ ಹರಿದು ಬಂತು. ಗೋದುಬಾಯಿ ಏನೋ ಹೇಳಹೋದವಳು ಗುರುಸಿದ್ದವ್ವನ ಮುಖ ನೋಡಿ ಸುಮ್ಮನಾದಳು. ಅತ್ತೆ-ಸೊಸೆಯ ನಡುವೆ ಬಾಯಿ ಹಾಕುವಷ್ಟು ದಡ್ಡಿ ಅಲ್ಲ ಆಕೆ.

ಆಗ ಗುರುಸಿದ್ದವ್ವ ತನ್ನ ಡಬ್ಬಿ ಇಳಿಸಿದಳು. ಕಣಕ ಕೆರೆದು, ಮುಚ್ಚಳ ತೆಗೆದು, ಒಂದು ರೊಟ್ಟಿಯನ್ನು ಅತ್ತೆಯ ಎದುರಿಗೇ ಮುರಿದಳು. ಟಕ್! ನಾಲ್ಕು ವರ್ಷ ಈ ಸಪ್ಪಳಕ್ಕಾಗಿ ಕಾದಿದ್ದಳು, ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ತಣ್ಣಗಾಯಿತು.

ಆ ತಂಪು ಸಂಜೆಯ ತನಕವೂ ಉಳಿಯಲಿಲ್ಲ. ಪಾಳಿ ಮುಗಿಸಿ ಬಂದ ಉಳವಪ್ಪ, "ಇಲ್ಲಿ ಹವಾನ ಹಂಗ ಐತೆವ್ವಾ," ಅಂದು ನೋಡಿದ.

"ಹವಾದಂತ. ಅದ ಹವಾದಾಗ ನಿನ್ನ ಹೇಣ್ತಿ ರೊಟ್ಟಿ ಹೆಂಗ ಟಕ್ ಅಂದೂವು?" ಶಂಕ್ರೆವ್ವನ ದನಿಯಲ್ಲಿ ಜಗಳವಿರಲಿಲ್ಲ. "ಮುದುಕ್ಯಾರು ಹೇಳಿದ್ದು ಖರೇ ಐತಪಾ. ನಾ ಸೊಕ್ಕು ಮಾಡಿದ್ನಿ. ನಿಮ್ಮಪ್ಪನ ಹಿಂದ ನನ್ನ ಕೈನೂ ಹೋತು."

ಉಳವಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಒಲೆಯ ಕಡೆ ತಿರುಗಿದಳು. ಅವನು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ.

ಮರುದಿನದಿಂದ ಶಂಕ್ರೆವ್ವ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಗೋಡೆಗೊರಗಿ ಕೂತಳು. ರೊಟ್ಟಿ ಮುಟ್ಟಲಿಲ್ಲ, ಎರಡು ಗುಟುಕು ಗಂಜಿ ಕುಡಿದರೆ ಹೆಚ್ಚು. ಬಂದಾಗಿನಿಂದ ಮೊಮ್ಮಗಳು, ಹತ್ತು ತಿಂಗಳ ಕೂಸು ನೀಲಕ್ಕನಿಗೆ ಆಕೆಯೇ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಈಗ ಕೂಸು ಮಂಡಿಯ ಮೇಲೆ ಹತ್ತಿದರೂ ಮುಟ್ಟಲಿಲ್ಲ. "ನೀನ ಎರಕೊಳವ್ವಾ. ಅಪಶಕುನದ ಕೈ ಕೂಸಿಗೆ ಬ್ಯಾಡ," ಅಂದಳು. ಗುರುಸಿದ್ದವ್ವನಿಗೆ ತಾನೇ ಮಾಡಿದ ಸಾರು ರುಚಿ ಹತ್ತಲಿಲ್ಲ. ಹವೆಗೆ ನಾಲಿಗೆಯೂ ಮೊಂಡಾಯಿತೇನೋ ಅಂದುಕೊಂಡು ಮತ್ತಷ್ಟು ಉಪ್ಪಿನ ನೀರು ಸುರಿದಳು. ಆಗಲೂ ಹತ್ತಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಆಕೆ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಒಳಗಿಂದ ಅತ್ತೆ ಕಿರುಚಿದಳು: "ಗುರುಸಿದ್ದವ್ವಾ! ಕೂಸು! ಕೂಸು!"

ಓಡಿ ಬಂದು ನೋಡಿದರೆ ನೀಲಕ್ಕ ತೆವಳುತ್ತ ಒಲೆಯ ಬಾಯಿಗೆ ಬಂದಿತ್ತು. ಉರಿಯುವ ಕೊಳ್ಳಿಗೂ ಕೂಸಿನ ಬೆರಳಿಗೂ ಗೇಣಿನ ಅಂತರ. ಶಂಕ್ರೆವ್ವ ಒಂದು ಮೊಳ ದೂರದಲ್ಲಿ ಮಂಡಿಯೂರಿ ಕೂತು, ಕಣ್ಣಲ್ಲಿ ನೀರು ಸುರಿಸುತ್ತ ಕಿರುಚುತ್ತಿದ್ದಳು. ಕೈ ಮಾತ್ರ ಸೆರಗಿನೊಳಗೇ ಇದ್ದವು.

ಗುರುಸಿದ್ದವ್ವ ಕೂಸನ್ನು ಬಾಚಿಕೊಂಡಳು. ಸೆರಗಿನೊಳಗಿದ್ದ ಅತ್ತೆಯ ಕೈಗಳನ್ನು ನೋಡಿದಳು. ತಾನು ಎಂಥ ಕೆಲಸ ಮಾಡಿದೆ ಅಂತ ಆಗ ತಿಳಿಯಿತು. ಕೂಸನ್ನು ಒಲೆಯಿಂದ ದೂರ ನೆಲಕ್ಕಿಳಿಸಿ, ಬುಟ್ಟಿಯಿಂದ ಅತ್ತೆಯ ಒಂದು ರೊಟ್ಟಿ ತಂದು, ಕೆಂಡ ಮುಂದಕ್ಕೆಳೆದು, ಅದನ್ನು ಎರಡೂ ಮಗ್ಗುಲು ಸುಟ್ಟಳು. ಹೊಗೆಯ ಜೊತೆಗೆ ಸಣ್ಣ ಆವಿ ಎದ್ದಿತು. ಆರಿದ ಮೇಲೆ ಅತ್ತೆಯ ಮುಂದೆ ಹಿಡಿದು ಮುರಿದಳು. ಟಕ್!

ಶಂಕ್ರೆವ್ವ ತಲೆಯೆತ್ತಿದಳು.

"ಇದು ನೀವ ಬಡಿದ ರೊಟ್ಟಿ. ನಿಮ್ಮ ಕೈಗೆ ಏನೂ ಆಗಿಲ್ರಿ ಅತ್ತಿ," ಅಂದಳು ಗುರುಸಿದ್ದವ್ವ. ಉಪ್ಪಿನ ಭರಣಿ ತಂದು ಬಗ್ಗಿಸಿ ತೋರಿಸಿದಳು. ಡಬ್ಬಿ, ಕಣಕ, ಹಲಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು.

"ನಿನಗ ಗೊತ್ತಿತ್ತು," ಅಂದಳು ಶಂಕ್ರೆವ್ವ.

"ಗೊತ್ತಿತ್ರಿ."

"ಬುಟ್ಟಿ ಕಿಟಕ್ಯಾಗ ಇಡೂವಾಗ ನೀ ಅಲ್ಲೇ ನಿಂತಿದ್ದಿ."

"ನಿಂತಿದ್ನಿ. ಬೇಕಂತನ ಹೇಳಲಿಲ್ಲ."

ಬೈಗುಳ ಬರುತ್ತದೆಂದು ಗುರುಸಿದ್ದವ್ವ ತಲೆ ತಗ್ಗಿಸಿ ಕಾದಳು. ಬಂದರೆ ಹಗುರಾಗುತ್ತಿತ್ತು. ಶಂಕ್ರೆವ್ವ ಮುರಿದ ರೊಟ್ಟಿಯ ತುಂಡನ್ನು ನೋಡಿದಳು. ಆಮೇಲೆ ಸೆರಗಿನೊಳಗಿಂದ ಕೈ ಹೊರಗೆ ತೆಗೆದು ಆ ತುಂಡನ್ನು ಇಸಗೊಂಡಳು.

"ಹಂಗಾರ ಆ ವರ್ಷ ನೀ ಕಳಿಸಿದ್ದೂ…"

"ಬಡಿದಾಗ ಕಡಕ್ ಇದ್ದೂರಿ ಅತ್ತಿ."

ನೀಲಕ್ಕ ತೆವಳಿ ಬಂದು ಶಂಕ್ರೆವ್ವನ ಮಂಡಿ ಹಿಡಿಯಿತು. ಆಕೆ ಕೂಸನ್ನು ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡು, ಅದರ ನೆತ್ತಿಯ ಮೇಲೆ ಕೈಯಿಟ್ಟಳು. ಆಮೇಲೆ ಕೇಳಿದಳು, "ತಾಯವ್ವ ಸನವಳ್ಳ್ಯಾಗ ಹೆಂಗದಾಳ?"

ಗುರುಸಿದ್ದವ್ವ ಹೊರಗೆಳೆದ ಕೆಂಡವನ್ನು ಒಲೆಯೊಳಗೆ ತಳ್ಳಿದಳು.

"ನಾಳೆ ಮುಂಜಾನೆ ಹೋಗೂಣು. ರೊಟ್ಟಿ ಗಂಟು ಕಟ್ಟು."

"ಡಬ್ಬ್ಯಾಗಿನವು ಕಟ್ಟತೇನ್ರಿ."

"ನಿನ್ನವು ಬ್ಯಾಡ. ಬುಟ್ಟ್ಯಾಗಿನ ನನ್ನ ರೊಟ್ಟಿ ಕಟ್ಟು."

"ಅತ್ತಿ, ಅವಕ್ಕ ಬೂಷ್ಟು ಬರಾಕ ಹತ್ತೇತ್ರಿ."

"ಬರ್ಲಿ. ಆಕಿ ಮನಿ ಕಟ್ಟಿ ಮ್ಯಾಲ ಕುಂತು, ಆಕಿ ಗಂಡ, ಆ ಓಣಿ ಮಂದಿ ಎಲ್ಲಾರನ್ನೂ ಕರದು, ಅವರ ಮುಂದ ಬಿಚ್ಚಿ ಮುರೀತೇನಿ."

"ಅವು ಮುರಿಯೂದುಲ್ರಿ."

"ಮುರಿಯೂದುಲ್ಲ," ಅಂದಳು ಶಂಕ್ರೆವ್ವ. "ಶಂಕ್ರೆವ್ವನ ರೊಟ್ಟಿ ಮುರಿಯೂದುಲ್ಲ ಅನ್ನೂದನ್ನ ಆಕಿ ಕಣ್ಣಿಲೆ ನೋಡ್ಲಿ."

ಗುರುಸಿದ್ದವ್ವ ಬುಟ್ಟಿ ಇಳಿಸಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು. ಇಷ್ಟರಿಂದ ತಾಯವ್ವನ ನಾಲ್ಕು ವರ್ಷ ತಿರುಗಿ ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಗಂಟು ಎತ್ತಿ ನೋಡಿದಳು. ನೀರು ಕುಡಿದ ರೊಟ್ಟಿ, ಕೈಗೆ ಭಾರವಾಗಿತ್ತು.