ಪೊಳ್ಳು ಕಾಯಿ

ಇಲ್ಲ, ಈಗ ಹೇಳಿ ಉಪಯೋಗವಿಲ್ಲ. ಮಗಳಿಗೆ ಎರೆದು, ತಲೆಗೆ ಟವೆಲು ಸುತ್ತಿ ನಲಿನಿ ಹೊರಗೆ ಬರುವಷ್ಟರಲ್ಲಿ ಅತ್ತೆ ಕೃಷ್ಣಾಬಾಯಿ ಅವಳು ಅಂಗಳದ ಬಳ್ಳಿಯಿಂದ ಕಿತ್ತು ಬುಟ್ಟಿಯಲ್ಲಿಟ್ಟಿದ್ದ ಬಟಾಣಿಯನ್ನೆಲ್ಲ ಸುಲಿದು ಮುಗಿಸಿದ್ದರು.

“ನಿನ್ನ ವಟಾಣಿ ಬರೇ ಪೊಳ್ಳು ನೋಡವಾ. ಇನ್ನೊಂದೆಂಟು ದಿನ ಬಿಟ್ಟು ಹರೀಬೇಕಿತ್ತು.”

ಬಟ್ಟಲಲ್ಲಿ ಸಾಸಿವೆಗಿಂತ ತುಸು ದಪ್ಪ ಕಾಳು. ಮುಷ್ಟಿ ತುಂಬುವಷ್ಟೂ ಇಲ್ಲ.

“ಹೌದ್ರಿ.”

“ಸಿಪ್ಪಿ ಗೇಟಿನ ಹೊರಗ ಇಟ್ಟೀನಿ. ಹಾಲಿನವನ ಎಮ್ಮಿ ತಿಂತೈತಿ.”

ಸಿಪ್ಪೆಗಾಗಿಯೇ ಬೆಳೆದ ಕಾಯಿ ಅದು. ಕಾಳು ಬಲಿಯುವ ಮೊದಲೇ ಕಿತ್ತು, ನಾರು ತೆಗೆದು, ಇಡಿಯಾಗಿ ತಿನ್ನುವ ಜಾತಿ. ಹೋದ ಜನವರಿ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಬೀಜದ ಪೊಟ್ಟಣ ಕೊಂಡಾಗ ಗಂಡ ದತ್ತಾತ್ರೇಯನಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದಳು. ಮದುವೆಗೆ ಮೊದಲು ಗುಲ್ಬರ್ಗದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗಿನ ದನಿ ಆವತ್ತು ತಾನಾಗಿ ಬಂದಿತ್ತು. ಅವನು ಜೈಂಟ್ ವೀಲ್ ನೋಡುತ್ತ ಹೂಂಗುಟ್ಟಿದ್ದ.

ಮಧ್ಯಾಹ್ನ ಸನತ್‌ನಗರದ ಕಾರ್ಖಾನೆಯಿಂದ ಊಟಕ್ಕೆ ಬರುತ್ತಾನೆ. ಅವನಿಗೆ ನೆನಪಿರಬಹುದು. ಅಷ್ಟಿದ್ದರೆ ಸಾಕು, ಅವಳು ಬೇರೇನೂ ಹೇಳಬೇಕಾಗಿಲ್ಲ.

ಅತ್ತೆ ಆ ಕಾಳನ್ನು ಒಗ್ಗರಣೆಗೆ ಹಾಕಿ ಅನ್ನಕ್ಕೆ ಕಲಸಿದರು. ದತ್ತಾತ್ರೇಯ ತಟ್ಟೆ ನೋಡಿದ. ನಲಿನಿ ಅವನ ಬಾಯಿ ನೋಡಿದಳು.

“ನಿನ್ನ ತ್ವಾಟದ್ದೇನು?”

“ಹೌದು.”

“ಕಾಳು ಭಾಳ ಸಣ್ಣ ಆಗ್ಯಾವಲ್ಲ.”

“ನಾನೂ ಅದ ಅಂದೆ,” ಅಂದರು ಕೃಷ್ಣಾಬಾಯಿ. “ಕಾಲೇಜಿನ ಬಾಯಾರ ಮಾತು ವಟಾಣಿ ಕೇಳವಲ್ದು.”

ಮೂವರೂ ನಕ್ಕರು. ನಲಿನಿಯ ನಗು ಎಲ್ಲರಿಗಿಂತ ತಡವಾಗಿ ನಿಂತಿತು.

“ಮುಂದಿನ ಸಲ ಗೊಬ್ಬರ ಹೆಚ್ಚು ಹಾಕು,” ಅಂದ ಅವನು, ಮೊಸರು ಸುರಿದುಕೊಳ್ಳುತ್ತ.

“ಹಾಕ್ತೀನಿ.”

ಎಷ್ಟು ಸಲೀಸಾಗಿ ಒಪ್ಪಿಬಿಟ್ಟೆ ಎಂದು ಅವಳಿಗೇ ಅನ್ನಿಸಿತು. ಸಿಟ್ಟು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದಿಟ್ಟಳು.

ಅವನು ಹೋದ ಮೇಲೆ, ಮಗಳನ್ನು ಮಲಗಿಸಿ ಅಂಗಳಕ್ಕೆ ಬಂದಳು. ಗೇಟಿನಾಚೆ ಎಮ್ಮೆ ಸಿಪ್ಪೆಗೆ ಮೂತಿ ಹಾಕಿತ್ತು. ಎಳೆಯ ಸಿಪ್ಪೆ ಅದರ ಹಲ್ಲಿನಡಿ ಕರಕರ ಅನ್ನುತ್ತಿತ್ತು. ಇಂದಿನ ಊಟದಲ್ಲಿ ಕೇಳಬೇಕೆಂದು ಅವಳು ಕಾದಿದ್ದ ಸದ್ದು ಅದೇ.

ಸಿಪ್ಪೆ ಮುಗಿಯಿತು. ಎಮ್ಮೆ ತಲೆಯೆತ್ತಿ, ಗೇಟಿನೊಳಗೆ ದಾರ ಹಿಡಿದು ಏರಿದ್ದ ಬಳ್ಳಿಯನ್ನು ನೋಡಿತು. ಅದರಲ್ಲಿ ನಾಳೆಗಾಗುವ ಕಾಯಿಗಳಿದ್ದವು.

“ನಲಿನೀ, ಗೇಟು ಹಾಕೈತೇನು?” ಅತ್ತೆ ಒಳಗಿನಿಂದ ಕೂಗಿದರು.

“ಹಾಕೈತ್ರಿ.”

ಅವಳ ಕೈ ಚಿಲಕದ ಮೇಲಿತ್ತು. ಎಮ್ಮೆ ಆ ಕೈಯನ್ನೇ ನೋಡುತ್ತ, ಬಾಯಲ್ಲಿ ಉಳಿದದ್ದನ್ನು ನಿಧಾನವಾಗಿ ಜಗಿಯುತ್ತಿತ್ತು.