ಕಂಕುರಾಂಗ್‌ನ ಎಡಗಾಲು

ಎಲುಬಿಲ್ಲದ ನಾಲಿಗೆ ಎಲ್ಲರಿಗೂ ಇದೆ. ತ್ರಿವೇಣಿಯ ನಾಲಿಗೆಗೆ ಎಲುಬೂ ಇಲ್ಲ, ಬಾಗಿಲೂ ಇಲ್ಲ. ಒಳ್ಳೆಯ ಹೆಂಗಸೇ, ಇಲ್ಲವೆನ್ನುವುದಿಲ್ಲ. ಆದರೆ ಹೊಗಳಬೇಕು ಅನ್ನಿಸಿದರೆ ಹೊಗಳಿಯೇ ತೀರಬೇಕು.

ಅಮೆರಿಕದ ಬಾಥೆಲ್‌ನಲ್ಲಿ ಅವಳ ಪಕ್ಕದ ಮನೆಯವರು ಗ್ಯಾಂಬಿಯಾದ ಮಂಡಿಂಕಾ ಜನ, ಕೆಬ್ಬಾ ಮತ್ತು ಅವನ ಹೆಂಡತಿ ಬಿಂತಾ. ಹೋದ ಬೇಸಿಗೆಯಲ್ಲಿ ಅವರ ಬಳಗದ ಹುಡುಗರಿಗೆ ಸುನ್ನತಿಯಾಗಿ ಗಾಯ ಮಾಗಿದ ಮೇಲೆ ಪಾರ್ಕಿನಲ್ಲಿ ಕಂಕುರಾಂಗ್ ಎಂಬ ಕಾವಲು ವೇಷ ಬಂತು. ಮೈತುಂಬ ಕೆಂಪು ತೊಗಟೆಯ ನಾರು, ಕೈಯಲ್ಲಿ ಮರದ ಕತ್ತಿ, ಮುಖವೇ ಇಲ್ಲ. ಅದು ಕಿರುಚಿದರೆ ಹುಡುಗರ ಮೇಲೆ ಕಣ್ಣು ಹಾಕಿದ ಕೆಟ್ಟದ್ದೆಲ್ಲ ಓಡಿಹೋಗಬೇಕು. ಹೆಂಗಸರು ದೂರ ಸರಿಯಬೇಕು. ಒಳಗಿರುವುದು ಯಾರೆಂದು ಯಾರೂ ಬಾಯಿಬಿಡಬಾರದು.

ಈ ಕೊನೆಯದನ್ನು ತ್ರಿವೇಣಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಕುಂದಾಪುರದ ಕಡೆಯ ಕೋಲ. ಅಲ್ಲಿ ದೈವ ಕಟ್ಟುವವನ ಮನೆ ಯಾವುದು, ಅಜ್ಜ ಯಾರು ಎಂದು ಊರಿಗೇ ಗೊತ್ತು. ಬಣ್ಣ ತೊಳೆದ ಮೇಲೆ ಹೆಸರು ಹಿಡಿದು ಹೊಗಳುವುದೇ ಮರ್ಯಾದೆ. ಕಂಕುರಾಂಗ್ ಎಡಗಾಲನ್ನು ಕೊಂಚ ಎಳೆದು ಹೆಜ್ಜೆ ಹಾಕಿದ ಕೂಡಲೇ ಅವಳಿಗೆ ಆಳು ಯಾರೆಂದು ತಿಳಿದುಹೋಯಿತು. ಪಕ್ಕದ ಮನೆಯಿಂದ ಕಸದ ಡಬ್ಬಿ ತಳ್ಳಿಕೊಂಡು ರಸ್ತೆಗೆ ಬರುವ ಅದೇ ಕಾಲು!

ಆ ಸಂಜೆ ಬಿಂತಾಳ ಅಡುಗೆಮನೆ ತುಂಬ ಅವರ ಹೆಂಗಸರು. ತ್ರಿವೇಣಿ ಈರುಳ್ಳಿ ಹೆಚ್ಚುತ್ತಾ, ಎಲ್ಲರಿಗೂ ಕೇಳಲೆಂದೇ ದನಿ ಏರಿಸಿದಳು.

"ಬಿಂತಾ, ನಿಮ್ಮ ಕೆಬ್ಬಾ ಏನ್ ಕುಣಿದ್ರು!"

ಒಬ್ಬ ಮುದುಕಿ ಸೌಟು ಕೆಳಗಿಟ್ಟು ಹೊರಗೆ ಹೋದಳು.

ಸುದ್ದಿ ಹಿರಿಯರಿಗೆ ಮುಟ್ಟಿತು. ಮುಂದಿನ ಬೇಸಿಗೆ ಕೆಬ್ಬಾನ ಮಗನ ಸರದಿ. ಮಗ ಹುಟ್ಟಿದಾಗಿನಿಂದ ಆ ವೇಷದಲ್ಲಿ ಅವನ ಮುಂದೆ ತಾನೇ ನಡೆಯಬೇಕೆಂದು ಕಾದಿದ್ದವನು ಕೆಬ್ಬಾ. ಹಿರಿಯರು ಜಗಳವಾಡಲಿಲ್ಲ, ಹೆಸರು ಬಯಲಾದ ಕಂಕುರಾಂಗ್‌ಗೆ ಯಾವ ಕೆಟ್ಟದ್ದೂ ಹೆದರುವುದಿಲ್ಲ ಎಂದಷ್ಟೇ ಹೇಳಿ ಬೇರೆಯವರನ್ನು ಹುಡುಕಿಕೊಂಡರು.

"ಸಾರಿ ಕೇಳಿದ್ರಾಯ್ತಪ್ಪ, ಗೊತ್ತಿಲ್ದೆ ಆದದ್ದಲ್ವಾ ಮಾರಾಯ್ತಿ," ಎಂದ ಗಂಡ ಸುಪ್ರೀತ್. ತ್ರಿವೇಣಿ ಹಾಲುಬಾಯಿ ಸಿಹಿ ಮಾಡಿ ಡಬ್ಬಿಗೆ ತುಂಬಿಕೊಂಡು ಬಿಂತಾಳ ಮನೆಗೆ ಹೋದಳು. ಬಿಂತಾ ಡಬ್ಬಿ ತೆಗೆದುಕೊಂಡು ಒಳಗೆ ಕೂರಿಸಿದಳು.

"ನಂಗೆ ಗೊತ್ತಿರ್ಲಿಲ್ಲ ಬಿಂತಾ."

"ನಂಗೆ ಗೊತ್ತಿತ್ತು," ಎಂದಳು ಬಿಂತಾ. "ಮದುವೆಯಾದಾಗಿಂದ ಆ ಕಾಲು ನೋಡ್ತಿದೀನಿ. ಆವತ್ತು ಅಡುಗೆಮನೇಲಿದ್ದ ಎಲ್ರಿಗೂ ಗೊತ್ತಿತ್ತು. ನಾವ್ಯಾರೂ ಹೇಳ್ಲಿಲ್ಲ, ಅಷ್ಟೆ."

ಬೈದಿದ್ದರೆ ತ್ರಿವೇಣಿಗೆ ಉಸಿರಾದರೂ ಬರುತ್ತಿತ್ತು. ಬೈಗುಳಕ್ಕೂ ಲಾಯಕ್ಕಿಲ್ಲದವಳಾದೆನಲ್ಲ ಎಂದು ಮನೆಗೆ ಬಂದು ಅತ್ತಳು. ಅಲ್ಲಿಂದಾಚೆ ಕಸದ ಡಬ್ಬಿಯ ಸದ್ದು ಕೇಳಿದರೆ ಕಿಟಕಿಯ ಹತ್ತಿರ ಸುಳಿಯುತ್ತಿರಲಿಲ್ಲ.

ಈ ಬೇಸಿಗೆಯೂ ಬಂತು. ಬಿಂತಾ ತಾನೇ ಕರೆದಳು. ಹೋಗದಿದ್ದರೆ ಅದೊಂದು ತಪ್ಪು. ಕೆಬ್ಬಾ ಇಸ್ತ್ರಿ ಮಾಡಿದ ನೀಲಿ ನಿಲುವಂಗಿ ತೊಟ್ಟು, ತೆರೆದ ಮುಖದಲ್ಲಿ, ಬಂದವರಿಗೆ ನೀರಿನ ಬಾಟಲಿ ಹಂಚುತ್ತಿದ್ದ. ಕಂಕುರಾಂಗ್ ಕಿರುಚುತ್ತಾ ಬಂತು. ಎರಡೂ ಕಾಲು ನೆಟ್ಟಗೆ ಬೀಳುತ್ತಿದ್ದವು. ಸಾಲಿನಲ್ಲಿದ್ದ ಮಗ ಮೊದಲು ಅದರ ಪಾದ ನೋಡಿದ, ಆಮೇಲೆ ಗುಂಪಿನಲ್ಲಿ ಅಪ್ಪನನ್ನು ಹುಡುಕಿದ. ಯಾರೋ ಆ ಸುದ್ದಿಯನ್ನು ಅವನ ಕಿವಿಗೂ ಹಾಕಿದ್ದಿರಬೇಕು.

ಸುಪ್ರೀತ್ ಹೆಂಡತಿಯ ಕಡೆ ಬಾಗಿ, ಈ ಸಲ ಒಳಗೆ ಯಾರು ಎಂದು ಮೆಲ್ಲಗೆ ಕೇಳಿದ. ಆ ಭುಜ, ಆ ನಡಿಗೆ ತ್ರಿವೇಣಿಗೆ ನೋಡಿದೊಡನೆ ಗುರುತು ಸಿಕ್ಕಿತ್ತು.

"ಕಂಕುರಾಂಗ್," ಎಂದಳು.

ಪಕ್ಕದಲ್ಲೇ ಇದ್ದ ಕೆಬ್ಬಾ ಅವಳನ್ನು ನೋಡಿ ನಕ್ಕು, ಬಾಟಲಿಯ ಮುಚ್ಚಳ ತಿರುಗಿಸಿ ಕೈಗಿಟ್ಟ. ಅವಳು ಒಂದು ಗುಟುಕೂ ಕುಡಿಯದೆ ಮುಚ್ಚಳವನ್ನು ಮತ್ತೆ ಬಿಗಿದಳು.