ಸುತ್ತಿಟ್ಟ ನೆಲ

“ಲೇ ದರಿದ್ರ ಮುಂಡೇ, ಹುಲ್ಲು ಕೊಯ್ತಿದೀಯೋ ಗಡ್ಡ ಹೆರೀತಿದೀಯೋ? ಮಣ್ಣು ಸೇರಿಸಿ ದಪ್ಪಗೆ ಎಬ್ಬಿಸೇ! ನಿಮ್ಮಪ್ಪನ ನೆಲ ಅನ್ನೋ ಹಾಗೆ ಉಳಿಸ್ತಿದಾಳೆ!”

“ನಮ್ಮಪ್ಪಂದಾಗಿದ್ರೆ ಹೀಗೆ ಚರ್ಮ ಸುಲೀತಿರ್ಲಿಲ್ಲ ಬಿಡಿ ಧಣಿ,” ಎಂದಳು ಗಿರಗಿಟ್ಲೆ, ತಲೆ ಎತ್ತದೆ.

ಕಾಲು ಒಂದು ಕಡೆ ನಿಲ್ಲದ, ಬಾಯಿ ಒಂದು ಗಳಿಗೆ ಮುಚ್ಚದ ಅವಳಿಗೆ ಚಿಕ್ಕಂದಿನಲ್ಲೇ ಬಿದ್ದ ಹೆಸರದು. ಅಜ್ಜಿಯಾದರೂ ಅದು ಅವಳನ್ನು ಬಿಟ್ಟಿರಲಿಲ್ಲ.

ಧಣಿ ಬೆಳೆಯುತ್ತಿದ್ದದ್ದು ಹುಲ್ಲು. ದನಕ್ಕಲ್ಲ, ದೊಡ್ಡವರ ಮನೆಯಂಗಳಕ್ಕೆ. ಬೇರಿನ ಕೆಳಗೆ ಅಗಲ ಕತ್ತಿ ಹಾಯಿಸಿ, ಹೆಬ್ಬೆರಳು ದಪ್ಪ ಮಣ್ಣಿನ ಸಮೇತ ಎಬ್ಬಿಸಿ, ಚಾಪೆಯಂತೆ ಸುತ್ತಿ ಲಾರಿಗೆ ಹೇರುವುದು ಹೆಂಗಸರ ಕೆಲಸ. ಲಾರಿ ಹೋದಾಗಲೆಲ್ಲ ಅದರ ಜೊತೆ ಹೊಲವೂ ಒಂದಿಷ್ಟು ಹೋಗುತ್ತಿತ್ತು. ಗಿರಗಿಟ್ಲೆ ಕೆಲಸಕ್ಕೆ ಸೇರಿದಾಗ ದಾರಿಗೆ ಸಮನಾಗಿದ್ದ ನೆಲ ಈಗ ಮೊಣಕಾಲುದ್ದ ತಗ್ಗಿತ್ತು. ಮೇಲ್ಮಣ್ಣು ಹೋಗಿ ಉಳಿದದ್ದು ಇಟ್ಟಿಗೆಯಂಥ ನೆಲ. ನೀರು ಬಿಟ್ಟರೆ ಕುಡಿಯದು, ಗೊಬ್ಬರ ಹಾಕಿದರೆ ಹಿಡಿದುಕೊಳ್ಳದು. ಅದಕ್ಕೇ ಧಣಿ ಮೂಟೆಗಟ್ಟಲೆ ಬಿಳಿ ಗೊಬ್ಬರ ಸುರಿಸುತ್ತಿದ್ದ. ಅದರ ಮುಕ್ಕಾಲು ಪಾಲು ನೀರಿನ ಜೊತೆ ಜಾರಿ ಕಾಲುವೆ ಸೇರುತ್ತಿತ್ತು.

“ಹುಡುಕಿದ್ರೂ ಒಂದು ಎರೆಹುಳ ಇಲ್ವಲ್ಲೇ,” ಎಂದಳು ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ, ಎತ್ತರದ ಆಳು ಉದ್ದಕ್ಕ.

“ಕೆಲಸ ಬಿಟ್ಟು ಹೋದ್ವು ಅಕ್ಕ. ನಮಗಿಂತ ಬುದ್ಧಿ ಇತ್ತು ಅವಕ್ಕೆ.”

ಇಳಿಜಾರಿನ ಪ್ರಕಾರ ಕಾಲುವೆ ನೇರವಾಗಿ ಧಣಿಯ ಬಂಗಲೆಯ ಅಂಗಳಕ್ಕೆ ಹೋಗಬೇಕಿತ್ತು. ಬಂಗಲೆ ಕಟ್ಟಿದ ವರ್ಷ ಅವನು ಅದನ್ನು ಅಡ್ಡ ತಿರುಗಿಸಿ ಕೂಲಿಯವರ ಸಾಲುಮನೆಗಳ ಕಡೆ ಬಿಟ್ಟಿದ್ದ. ಅಲ್ಲಿ ನೀರು ಬಾವಿಯ ಪಕ್ಕದ ತಗ್ಗಿನಲ್ಲಿ ನಿಂತು, ಇಂಗಿ, ಬಾವಿಗಿಳಿಯುತ್ತಿತ್ತು.

ಗಿರಗಿಟ್ಲೆಯ ಮೊಮ್ಮಗಳಿಗೆ ಎರಡು ತಿಂಗಳು. ಮಗಳ ಎದೆಹಾಲು ಬತ್ತಿದ್ದರಿಂದ ಬಾವಿಯ ನೀರಿನಲ್ಲೇ ಪುಡಿ ಹಾಲು ಕಲಸಿ ಕುಡಿಸುತ್ತಿದ್ದರು. ಒಂದು ಬೆಳಿಗ್ಗೆ ಕೂಸಿನ ತುಟಿ ನೇರಳೆ ಹಣ್ಣು ತಿಂದಂತೆ ಕಂಡಿತು. ಹಲ್ಲೇ ಇಲ್ಲದ ಬಾಯಿ, ಹಣ್ಣೆಲ್ಲಿ ತಿಂದೀತು? ಗಿರಗಿಟ್ಲೆ ಸೆರಗಿನ ತುದಿ ಒದ್ದೆ ಮಾಡಿ ಮೆತ್ತಗೆ ಒರೆಸಿದಳು. ಬಣ್ಣ ಹೋಗಲಿಲ್ಲ.

ಆಸ್ಪತ್ರೆಯ ನರ್ಸಮ್ಮ ಕೂಸಿನ ಉಗುರು ತಿರುಗಿಸಿ ನೋಡಿದಳು. “ಗೊಬ್ಬರದ ಉಪ್ಪು ಬಾವಿಗಿಳಿದಿದೆ. ಆ ನೀರು ನಿಲ್ಸಿದ್ರೆ ಕೂಸು ಚೇತರಿಸ್ಕೊಳ್ಳತ್ತೆ. ಕುಡಿಸ್ತಾ ಹೋದ್ರೆ ಉಳಿಯಲ್ಲ.”

“ಚೆನ್ನಾಗಿ ಕುದಿಸ್ತೀನಿ ಕಣಮ್ಮ.”

“ಕುದಿಸಿದ್ರೆ ನೀರು ಆರಿ ಉಪ್ಪು ಇನ್ನೂ ಗಟ್ಟಿಯಾಗತ್ತೆ.”

ಆ ದಿನ ಆಸ್ಪತ್ರೆಯ ನಲ್ಲಿಯಿಂದ ಒಂದು ಕೊಡ ಹೊತ್ತು ತಂದಳು. ಎರಡು ಮೈಲಿ. ಬಂಗಲೆಯ ಅಂಗಳದ ನಲ್ಲಿಯಾದರೆ ಕೂಗಳತೆ. ಮರುದಿನ ಕೊಡ ಹಿಡಿದು ಅಲ್ಲಿ ನಿಂತಳು.

“ಆ ನೀರು ಮೀನಿಗೆ ಕಣೇ,” ಎಂದ ಧಣಿ, ಅಂಗಳದ ಕೊಳ ತೋರಿಸಿ. “ಹಡಗಿನಲ್ಲಿ ಬಂದ ಬಣ್ಣದ ಮೀನು. ನಿಮ್ಮ ಹಾಗೆ ಹೆತ್ತು ಬೀದಿಗೆಸೆದಿದ್ದಲ್ಲ. ನಡಿ, ನಡಿ!”

ಗಿರಗಿಟ್ಲೆ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನೇರವಾಗಿ ಉದ್ದಕ್ಕನ ಬಾಗಿಲಿಗೆ ಬಂದಳು. ಹೆಂಗಸರೆಲ್ಲ ಸೇರಿ ಬಾವಿ ಕೆಟ್ಟಿದೆ ಎಂದು ತಾಲ್ಲೂಕು ಕಚೇರಿಗೆ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿದರು. ಕೂಸಿಗೆ ಮಾತ್ರ ಸರದಿಯ ಮೇಲೆ ಆಸ್ಪತ್ರೆಯ ನಲ್ಲಿಯಿಂದಲೇ ನೀರು ಹೊತ್ತು ತಂದರು.

ತಿಂಗಳಾದ ಮೇಲೆ ಕಚೇರಿಯಿಂದ ಸಾಹೇಬರು ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಬಾವಿ ಬಗ್ಗಿ ನೋಡಿದರು.

“ಇವರೇ ಇಲ್ಲಿ ಮಕ್ಕಳ ಕುಂಡೆ ತೊಳೆದು ಕೆಡಿಸಿರೋದು ಸಾರ್,” ಎಂದ ಧಣಿ. ಸಾಹೇಬರು ಅದನ್ನೇ ಬರೆದುಕೊಂಡರು.

“ಕಾಲುವೆ ಒಂದ್ಸಲ ನೋಡಿ ಸಾಹೇಬ್ರೇ,” ಎಂದಳು ಗಿರಗಿಟ್ಲೆ. “ನಾಲ್ಕೇ ಹೆಜ್ಜೆ.”

“ಏಯ್, ನಂಗೇ ಕೆಲಸ ಹೇಳ್ಕೊಡ್ತೀಯಾ? ಅರ್ಜೀಲಿ ಬಾವಿ ಅಂತಿದೆ, ಕಾಲುವೆ ಅಂತಿಲ್ಲ.”

“ಊಟ ಆರೋಗತ್ತೆ, ಬನ್ನಿ ಸಾರ್,” ಎಂದು ಧಣಿ ಅವರನ್ನು ಬಂಗಲೆಗೆ ಕರೆದೊಯ್ದ.

ಬೆಳಿಗ್ಗೆಯಷ್ಟೇ ಗೊಬ್ಬರ ಚೆಲ್ಲಿ ನೀರು ಬಿಟ್ಟಿದ್ದ ಹೊಲದಿಂದ ಕಾಲುವೆ ಹಾಲಿನಂತೆ ಬೆಳ್ಳಗೆ ಹರಿಯುತ್ತಿತ್ತು. ಅದರ ಪಕ್ಕದಲ್ಲೇ ಲಾರಿಗೆ ಕಾಯುತ್ತ ನಲವತ್ತು ಸುರುಳಿ ಹುಲ್ಲು ಬಿದ್ದಿತ್ತು.

“ಈಗೇನೇ ಮಾಡೋದು?” ಉದ್ದಕ್ಕ ಕೇಳಿದಳು.

“ಸಾಹೇಬ್ರಿಗೆ ನಾಲ್ಕು ಹೆಜ್ಜೆ ನಡೆಯಕ್ಕಾಗಲ್ವಂತಕ್ಕ. ಪಾಪ! ಕಾಲುವೇನೇ ಅವ್ರ ಹತ್ರ ನಡೆಸ್ಕೊಂಡು ಹೋಗೋಣ.”

ಉದ್ದಕ್ಕ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. “ತಾಳೇ, ಮೀನು ಏನು ತಪ್ಪು ಮಾಡಿದ್ವು?” ಎಂದವಳೇ ಹೋಗಿ, ಅಂಗಳದ ನಲ್ಲಿಯಿಂದ ಟಬ್ಬಿಗೆ ನೀರು ಹಿಡಿದು, ಕೊಳದ ಏಳೂ ಮೀನುಗಳನ್ನು ಸೆರಗಿನಲ್ಲಿ ಬಾಚಿ ಅದಕ್ಕೆ ಬಿಟ್ಟು, ಎತ್ತರದ ಕಟ್ಟೆಯ ಮೇಲಿಟ್ಟು ಬಂದಳು.

ಮಿಕ್ಕವರು ಕಾಲುವೆ ಅಡ್ಡ ತಿರುಗುವ ಕಡೆ ಸುರುಳಿ ಬಿಚ್ಚಿ, ಪದರದ ಮೇಲೆ ಪದರ ಹಾಸಿ, ಕುಣಿಕುಣಿದು ತುಳಿದರು. ಪಟ್ಟಣದ ಬಂಗಲೆಗಳಿಗೂ ಇಷ್ಟು ಅಂದವಾಗಿ ಹಾಸಿರಲಿಲ್ಲ. ನೀರು ಒಂದು ಗಳಿಗೆ ಅನುಮಾನಿಸಿ ನಿಂತಿತು. ಆಮೇಲೆ ತನ್ನ ಹಳೆಯ ದಾರಿ ಹಿಡಿದು ನೇರವಾಗಿ ಹೊರಟಿತು.

ಕೊಳ ತುಂಬಿತು. ಅಂಗಳ ತುಂಬಿತು. ಮೆಟ್ಟಿಲ ಬಳಿ ಬಿಟ್ಟಿದ್ದ ಸಾಹೇಬರ ಚಪ್ಪಲಿ ತೇಲಿ ಗೇಟಿನ ಕಡೆ ನಡೆದವು.

“ಯಾವ ಬೋಳಿಮಕ್ಕಳು ಇದು ಮಾಡಿದ್ದು? ತೆಗೀರೇ!” ಎಂಜಲು ಕೈಯಲ್ಲೇ ಧಣಿ ಕಾಲುವೆಯ ತಿರುವಿಗೆ ಓಡಿ ಬಂದ. ಸಾಹೇಬರು ಪ್ಯಾಂಟು ಎತ್ತಿ ಹಿಡಿದು ಬಂಗಲೆಯ ಬಾಗಿಲಲ್ಲೇ ನಿಂತರು.

ಹೆಂಗಸರು ಒಬ್ಬೊಬ್ಬರಾಗಿ ತಾವು ಹಾಸಿದ ಹುಲ್ಲಿನ ಮೇಲೆ ಕುಳಿತರು. ಗಿರಗಿಟ್ಲೆ ಮಗಳ ಕೈಯಿಂದ ಕೂಸನ್ನು ಇಸಿದುಕೊಂಡು ನಟ್ಟನಡುವೆ ಕಾಲು ಚಾಚಿದಳು.

ಧಣಿ ತಾನೇ ನೀರಿಗಿಳಿದು ಒಂದು ಚಾಪೆಯ ಅಂಚು ಹಿಡಿದು ಜಗ್ಗಿದ. ಅದು ಅಲುಗಲಿಲ್ಲ. ಎರಡನೆಯ ಸಲ ಜಗ್ಗಿದಾಗ ಕಾಲು ಜಾರಿ ದೊಪ್ಪೆಂದು ಕುಕ್ಕರಿಸಿದ, ಎದೆಯವರೆಗೆ ಬಿಳಿ ನೀರು.

“ಪೋಲೀಸರನ್ನ ಕರೆಸ್ತೀನಿ! ಒಬ್ಬೊಬ್ರನ್ನೂ ಒಳಗೆ ಹಾಕಿಸ್ತೀನಿ!”

“ಕರೆಸಿ ಧಣಿ,” ಎಂದಳು ಗಿರಗಿಟ್ಲೆ. ಕೂಸನ್ನು ಮಡಿಲಲ್ಲಿ ಸರಿಮಾಡಿಕೊಂಡು, ಪಕ್ಕಕ್ಕೆ ಸರಿದು, ತೆರವಾದ ಜಾಗದ ಹುಲ್ಲನ್ನು ಅಂಗೈಯಿಂದ ತಟ್ಟಿದಳು. “ಅವ್ರಿಗೂ ಕೂರೋಕೆ ಜಾಗ ಬಿಟ್ಟಿದೀವಿ.”

ನೀರು ಮೂರನೆಯ ಮೆಟ್ಟಿಲು ಹತ್ತುತ್ತಿತ್ತು.